ದಾಸೋಹದಲ್ಲಿ ಸುಖ ಕಂಡ ಗುಬ್ಬಿ ತೋಟದಪ್ಪನವರು

ಬೆಂಗಳೂರಿನ ಸುಲ್ತಾನ್‌ಪೇಟೆಗೆ ಅನತಿದೂರದ ಮಾಮೂಲುಪೇಟೆಯಲ್ಲಿ ವ್ಯಾಪಾರ ನಡೆಸಿದ ರಾವ್‌ಬಹದ್ದೂರ್ ಧರ್ಮಪ್ರವರ್ತ ಗುಬ್ಬಿ ತೋಟದಪ್ಪನವರನ್ನು ನಾವು ಭಕ್ತಿಯಿಂದ ಸ್ಮರಿಸುತ್ತೇವೆ. 1838ರಲ್ಲಿ ಗುಬ್ಬಿಯಲ್ಲಿ ಜನಿಸಿದ ಅವರಿಗೆ ಕಾಯಕದಿಂದ ಸಿರಿ ಒದಗಿತು, ಸಂತಾನಭಾಗ್ಯ ಒದಗಲಿಲ್ಲ. ಆ ಕೊರತೆಯಲ್ಲಿ ಕೊರಗಿ ಕೂರದೆ, ದಾರಿಹೋಕರನ್ನೂ ಬಡ ವಿದ್ಯಾರ್ಥಿಗಳನ್ನೂ ತಮ್ಮವರೆಂದು ಬಗೆದು ಗಳಿಕೆಯನ್ನು ದಾಸೋಹಕ್ಕೆ ಮುಡಿಪಾಗಿಟ್ಟರು. 1897ರಲ್ಲಿ ರೈಲು ನಿಲ್ದಾಣದ ಬಳಿ ಎರಡೂವರೆ ಎಕರೆ ನೆಲ ಕೊಂಡರು. ಅಲ್ಲಿ ಎದ್ದ ಧರ್ಮಛತ್ರವನ್ನು 1903ರ ಫೆಬ್ರವರಿಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಉದ್ಘಾಟಿಸಿದರು. 1910ರಲ್ಲಿ ತೋಟದಪ್ಪನವರು ಲಿಂಗೈಕ್ಯರಾದರು.

ತನಗಾಗಿ ವ್ಯಯಿಸಿದ್ದಕ್ಕಿಂತ ಪರರಿಗಾಗಿ ವ್ಯಯಿಸಿದ್ದು ಹೆಚ್ಚು ಸಂತಸ ತರುವುದೆಂದು ಇಂದಿನ ಮನಶ್ಶಾಸ್ತ್ರಜ್ಞರು ಹೇಳುತ್ತಾರೆ. ತೋಟದಪ್ಪನವರು ಅದನ್ನು ಬಾಳಿ ತೋರಿದರು. ಕೂಡಿಟ್ಟೂ ನೆಮ್ಮದಿ ಕಾಣದ ನಾವು, ನಮ್ಮ ಗಳಿಕೆಯಲ್ಲಿ ಅಪರಿಚಿತನ ಪಾಲೆಷ್ಟೆಂದು ಇಂದೇ ಕೇಳಿಕೊಳ್ಳೋಣ.