ಗುಲ್ವಾಡಿ ವೆಂಕಟರಾಯರು

ಕನ್ನಡದ ಮೊದಲ ಸ್ವತಂತ್ರ ಸಾಮಾಜಿಕ ಕಾದಂಬರಿಯನ್ನು ರಚಿಸಿದವರು ಪೊಲೀಸ್ ಇಲಾಖೆಯಲ್ಲಿ ಅಧಿಕಾರಿಯಾಗಿದ್ದವರೆಂದರೆ ವಿದ್ಯಾರ್ಥಿಮಿತ್ರರು ಸೋಜಿಗಪಡಬಹುದು. ಅವರೇ ಗುಲ್ವಾಡಿ ವೆಂಕಟರಾಯರು. 1844ರಲ್ಲಿ ಜನಿಸಿದ ಇವರ ಮನೆತನದ ಊರು ಕುಂದಾಪುರದ ಬಳಿಯ ಗುಲ್ವಾಡಿ. ಠಾಣೆ, ಡೊಂಬಿವಲಿ, ಕಲ್ಯಾಣಗಳಲ್ಲಿ ನೆಲೆಸಿರುವ ನಮ್ಮಲ್ಲಿ ಅನೇಕರ ಹಿರಿಯರೂ ಅದೇ ಕರಾವಳಿಯಿಂದ ಬಂದವರಷ್ಟೆ.

ಅದು ವಿಕ್ಟೋರಿಯಾ ರಾಣಿಯ ಆಳಿಕೆಯ ಕಾಲ. ವಿಧವಾವಿವಾಹಕ್ಕೆ 1856ರಲ್ಲಿಯೇ ಕಾಯಿದೆಯ ಸಮ್ಮತಿ ದೊರೆತಿದ್ದರೂ ಸಮಾಜದ ಸಮ್ಮತಿ ದೊರೆತಿರಲಿಲ್ಲ. ಬಾಲವಿಧವೆಯರ ದುಃಖವನ್ನು ರಾಯರು ಹತ್ತಿರದಿಂದ ಕಂಡಿರಬೇಕೆಂದು ನಮಗೆ ತೋರುತ್ತದೆ. 1899ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚಾಗಿ ಅವರ ‘ಇಂದಿರಾಬಾಯಿ ಅಥವಾ ಸದ್ಧರ್ಮ ವಿಜಯವು’ ಹೊರಬಂದಿತು. ಎಳೆಯ ವಯಸ್ಸಿನಲ್ಲೇ ಪತಿಯನ್ನು ಕಳೆದುಕೊಂಡ ಇಂದಿರೆ ತವರನ್ನು ತೊರೆದು, ಅಮೃತರಾಯರ ಆಶ್ರಯದಲ್ಲಿ ವಿದ್ಯೆ ಕಲಿತು, ವಿಲಾಯತಿಯಿಂದ ಮರಳಿದ ಭಾಸ್ಕರರಾಯನನ್ನು ವರಿಸುವಳು. ಧರ್ಮದ ಸೋಗು ಹಾಕಿದ ಡಾಂಭಿಕರನ್ನು ರಾಯರು ಇದರಲ್ಲಿ ನಿರ್ದಾಕ್ಷಿಣ್ಯವಾಗಿ ಬಯಲಿಗೆಳೆದಿದ್ದಾರೆ. ಅಲ್ಲಲ್ಲಿ ಉಪದೇಶ ತುಸು ಹೆಚ್ಚೆನಿಸಿದರೂ, ತಮ್ಮದೇ ಸಾರಸ್ವತ ಸಮಾಜದ ನಡುವೆ ಬಾಳುತ್ತ ಹೀಗೆ ಬರೆಯಲು ಎಷ್ಟು ಎದೆಗಾರಿಕೆ ಬೇಕಾಗಿದ್ದಿತೆಂಬುದನ್ನು ನಾವು ಮರೆಯಲಾಗದು. ಒಬ್ಬ ಹಿಂದೂ ಗೃಹಸ್ಥರ ಈ ಕೃತಿಯನ್ನು ಅಚ್ಚು ಹಾಕಿದ್ದು ಕ್ರೈಸ್ತ ಮಿಶನರಿಗಳ ಮುದ್ರಣಾಲಯವೆಂಬುದೂ ಸ್ವಾರಸ್ಯದ ಸಂಗತಿ.

ನಾಲ್ಕೇ ವರ್ಷಗಳಲ್ಲಿ, ಅಂದರೆ 1903ರಲ್ಲಿ, ಎಂ. ಇ. ಕೌಚ್‌ಮನ್ ಎಂಬ ಆಂಗ್ಲ ಅಧಿಕಾರಿ ಅದನ್ನು ಇಂಗ್ಲಿಷಿಗೆ ಅನುವಾದಿಸಿದರು. ರಾಯರು ಮುಂದೆ ‘ಭಾಗೀರಥಿ’, ‘ಸೀಮಂತಿನಿ’ ಮೊದಲಾದ ಕೃತಿಗಳನ್ನೂ ರಚಿಸಿ 1913ರಲ್ಲಿ ದಿವಂಗತರಾದರು. ಇಂದಿರೆಯ ಕಥೆ ಮಾತ್ರ ಅಲ್ಲಿಗೆ ನಿಲ್ಲಲಿಲ್ಲ. ವನಮಾಲಾ ವಿಶ್ವನಾಥ ಮತ್ತು ಶಿವರಾಮ ಪಡಿಕ್ಕಲ್ ಅವರು ಮಾಡಿದ ಹೊಸ ಇಂಗ್ಲಿಷ್ ಅನುವಾದವನ್ನು ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ 2019ರಲ್ಲಿ ಪ್ರಕಟಿಸಿತು.