ಬುಯಿ ಟುವಾಂಗ್ ಫಾಂಗ್

ಬುಯಿ ಟುವಾಂಗ್ ಫಾಂಗ್ 1942ರಲ್ಲಿ ವಿಯೆಟ್ನಾಮಿನ ಹನೋಯಿ ನಗರದಲ್ಲಿ ಜನಿಸಿದರು. ಆ ನಾಡಿನಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ಫಾಂಗ್ ಎಂಬುದೇ ಅವರಿಗಿಟ್ಟ ಹೆಸರು. 1954ರಲ್ಲಿ ದೇಶವು ಇಬ್ಭಾಗವಾದಾಗ ಅವರ ಕುಟುಂಬವು ಸೈಗಾನಿಗೆ ವಲಸೆ ಹೋಯಿತು. ಫ್ರಾನ್ಸಿನಲ್ಲಿ ವ್ಯಾಸಂಗ ಮಾಡಿದ ಫಾಂಗರು 1971ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯವನ್ನು ಸೇರಿದರು.

ಗಣಕಯಂತ್ರದಿಂದ ಚಿತ್ರ ಬರೆಯಿಸುವ ವಿದ್ಯೆಯು ಆಗಿನ್ನೂ ಎಳವೆಯಲ್ಲಿತ್ತು. ಗಣಕವು ದುಂಡಗಿನ ವಸ್ತುವನ್ನು ಚಪ್ಪಟೆ ತುಂಡುಗಳಾಗಿ ಜೋಡಿಸುತ್ತಿದ್ದುದರಿಂದ, ಚೆಂಡು ಕೂಡ ಸಾಣೆ ಹಿಡಿದ ಹರಳಿನಂತೆ ತೋರುತ್ತಿತ್ತು. ಅದೇ ವಿಶ್ವವಿದ್ಯಾಲಯದ ಆನ್ರಿ ಗುರೋ ಎಂಬವರು ತುಂಡುಗಳ ಮೂಲೆಗಳಲ್ಲಿ ಬಣ್ಣವನ್ನು ಲೆಕ್ಕ ಹಾಕಿ, ನಡುವೆ ಹದವಾಗಿ ಬೆರೆಸುವ ಉಪಾಯವನ್ನು 1971ರಲ್ಲಿ ತೋರಿಸಿದ್ದರು. ಅಂಚುಗಳು ಮಾಸಿದವು, ಹೊಳಪು ಮಾತ್ರ ಸರಿಯಾಗಿ ಮೂಡಲಿಲ್ಲ.

ಫಾಂಗರು ಬಣ್ಣವನ್ನು ಬಿಟ್ಟು, ಮೇಲ್ಮೈಯು ಯಾವ ದಿಕ್ಕಿಗೆ ಮುಖಮಾಡಿದೆ ಎಂಬುದನ್ನೇ ಚುಕ್ಕೆ ಚುಕ್ಕೆಗೂ ಲೆಕ್ಕ ಹಾಕಿದರು. ಬಳಿಕ ಆ ಚುಕ್ಕೆಯ ಬೆಳಕನ್ನು ಮೂರು ಪಾಲು ಮಾಡಿದರು: ಸುತ್ತಲಿನ ಮಂದ ಬೆಳಕು, ಎಲ್ಲ ದಿಕ್ಕಿಗೂ ಚೆದುರುವ ಬೆಳಕು, ಕನ್ನಡಿಯಿಂದ ಮರಳುವಂತಹ ಹೊಳಪು. ನಯವಾದ ಲೋಹದ ಮೇಲೆ ಹೊಳಪು ಚಿಕ್ಕದಾಗಿಯೂ ತೀಕ್ಷ್ಣವಾಗಿಯೂ ಇರುವುದು. ಮಂಕು ವಸ್ತುವಿನ ಮೇಲೆ ಅಗಲವಾಗಿ ಹರಡಿ ಮೆಲ್ಲನೆ ಕರಗುವುದು. ಎಲ್ಲರೂ ಕಂಡಿದ್ದ ಈ ಸಂಗತಿಯನ್ನು ಅವರು ಸೂತ್ರಕ್ಕಿಳಿಸಿದರು. ಭೌತವಿಜ್ಞಾನದ ದೃಷ್ಟಿಯಿಂದ ಆ ಸೂತ್ರವು ನಿಖರವಲ್ಲ. ಆದರೆ ಕಣ್ಣು ಅದನ್ನು ಒಪ್ಪುತ್ತದೆ.

ತಮಗೆ ಮಾರಕ ರೋಗವಿದೆಯೆಂಬುದು ವಿದ್ಯಾರ್ಥಿದೆಸೆಯಲ್ಲಿಯೇ ಅವರಿಗೆ ತಿಳಿದಿತ್ತು. ಎರಡೇ ವರ್ಷಗಳಲ್ಲಿ, 1973ರಲ್ಲಿ, ಅವರು ಡಾಕ್ಟರೇಟ್ ಪಡೆದರು. 1975ರಲ್ಲಿ ಅವರ ಸಂಶೋಧನ ಲೇಖನವು ಪ್ರಕಟವಾಯಿತು. ಅದೇ ವರ್ಷ, ತಮ್ಮ 32ನೆಯ ವಯಸ್ಸಿನಲ್ಲಿ, ಅವರು ನಿಧನ ಹೊಂದಿದರು. ಮುಂದೆ ಚಲನಚಿತ್ರಗಳಲ್ಲಿ ಮಾತ್ರವಲ್ಲದೆ, ದೇಹದೊಳಗಿನ ಎಲುಬುಗಳನ್ನು ಸ್ಕ್ಯಾನಿನ ಅಂಕಿಗಳಿಂದ ಚಿತ್ರವಾಗಿ ಮೂಡಿಸುವ ಗಣಕಗಳಲ್ಲಿಯೂ ಫಾಂಗರ ಸೂತ್ರವು ಬಳಕೆಗೆ ಬಂದಿತು.