ಹರ್ಷೆಲ್ ಕಂಡ ಆಕಾಶರಂಧ್ರ

ವಿಲಿಯಂ ಹರ್ಷೆಲನ ಹೆಸರೆತ್ತಿದೊಡನೆ ಯುರೇನಸ್ ಗ್ರಹದ ನೆನಪಾಗುವುದು ಸಹಜ. ನನಗಾದರೋ ಆತನ ಬಾಳಿನ ಬೇರೆರಡು ಸಂಗತಿಗಳು ಅದಕ್ಕಿಂತ ಹಿರಿದಾಗಿ ತೋರುತ್ತವೆ. ಎರಡನ್ನೂ ಕಂಡವನು ಆತನೇ. ಅವೆರಡಕ್ಕೂ ಸಂಬಂಧವುಂಟೆಂಬುದು ಮಾತ್ರ ಆತನಿಗೆ ಹೊಳೆಯಲಿಲ್ಲ.

1738ರಲ್ಲಿ ಜರ್ಮನಿಯ ಹ್ಯಾನೋವರಿನಲ್ಲಿ ಸೈನ್ಯದ ವಾದ್ಯಗಾರನೊಬ್ಬನ ಮಗನಾಗಿ ಹುಟ್ಟಿದ ಹರ್ಷೆಲನು 1757ರಲ್ಲಿ ಇಂಗ್ಲೆಂಡಿಗೆ ಬಂದು, ಸಂಗೀತವನ್ನೇ ನೆಚ್ಚಿ ಬದುಕಿದನು. ಬಾತ್ ನಗರದಲ್ಲಿ ಹಗಲು ಶಿಷ್ಯರಿಗೆ ಪಾಠ. ಇರುಳು ನಕ್ಷತ್ರಗಳ ಸಹವಾಸ. ದೂರದರ್ಶಕದ ಲೋಹದ ಕನ್ನಡಿಗಳನ್ನು ತಾನೇ ಎರಕಹೊಯ್ದು ಉಜ್ಜುತ್ತಿದ್ದನು. ಕನ್ನಡಿಯಿಂದ ಕೈ ತೆಗೆಯಲಾಗದ ಹೊತ್ತಿನಲ್ಲಿ ತಂಗಿ ಕ್ಯಾರೊಲೈನಳು ಅಣ್ಣನ ಬಾಯಿಗೆ ತುತ್ತಿಡುತ್ತಿದ್ದಳು. 1781ರ ಮಾರ್ಚ್ 13ರಂದು ಹೊಸ ಗ್ರಹ ಕಂಡಿತು. ಮರುವರ್ಷ ಮೂರನೆಯ ಜಾರ್ಜ್ ದೊರೆಯು ವರ್ಷಕ್ಕೆ 200 ಪೌಂಡುಗಳ ಸಂಭಾವನೆಯನ್ನು ಗೊತ್ತುಮಾಡಿದನು. ಸಂಗೀತದ ವೃತ್ತಿ ಅಲ್ಲಿಗೆ ಮುಗಿಯಿತು.

1783ರಿಂದ ಸುಮಾರು ಇಪ್ಪತ್ತು ವರ್ಷ ಅಣ್ಣತಂಗಿಯರು ಆಕಾಶವನ್ನು ಪಟ್ಟೆಪಟ್ಟೆಯಾಗಿ ಶೋಧಿಸಿದರು. ದೂರದರ್ಶಕದ ಬಳಿ ನಿಂತು ಆತ ಕಂಡದ್ದನ್ನು ಕೂಗಿ ಹೇಳುವನು. ಆಕೆ ದೀಪದ ಬೆಳಕಿನಲ್ಲಿ ಗಡಿಯಾರ ನೋಡಿ ಬರೆದುಕೊಳ್ಳುವಳು. ಹೀಗೆ 2500 ನೀಹಾರಿಕೆಗಳೂ ನಕ್ಷತ್ರಗುಚ್ಛಗಳೂ ಪಟ್ಟಿಗೆ ಬಂದುವು. ಈ ಶೋಧನೆಯಲ್ಲಿಯೇ ವೃಶ್ಚಿಕರಾಶಿಯಲ್ಲಿ, ನಾವು ಜ್ಯೇಷ್ಠಾ ಎನ್ನುವ ಕೆಂಪು ತಾರೆಯ ಸಮೀಪದಲ್ಲಿ, ನಕ್ಷತ್ರಗಳಿಲ್ಲದ ಕಪ್ಪು ತಾಣವೊಂದು ಆತನ ಕಣ್ಣಿಗೆ ಬಿದ್ದಿತು. ಅದು ಆಕಾಶದಲ್ಲಿರುವ ರಂಧ್ರವೆಂದೇ ಆತ ಬಗೆದನು. ಅಲ್ಲಿದ್ದ ತಾರೆಗಳು ಕಾಲಾಂತರದಲ್ಲಿ ಆಕರ್ಷಣೆಗೆ ಸಿಕ್ಕಿ ಪಕ್ಕದ ಗುಚ್ಛವನ್ನು ಸೇರಿರಬೇಕೆಂದು 1785ರಲ್ಲಿ ಊಹಿಸಿದನು.

ಇನ್ನೊಂದು ಸಂಗತಿ 1800ರದು. ಸೂರ್ಯನನ್ನು ನೋಡಲು ಬಣ್ಣದ ಗಾಜುಗಳನ್ನು ಬಳಸುವಾಗ, ಕೆಲವು ಗಾಜುಗಳಲ್ಲಿ ಬೆಳಕು ಕಡಿಮೆಯಿದ್ದರೂ ಬಿಸಿ ಹೆಚ್ಚೆನಿಸಿತು. ಆಗ ಆತ ಬಿಸಿಲನ್ನು ಗಾಜಿನ ಪಟ್ಟಕದಿಂದ ಬಣ್ಣಬಣ್ಣವಾಗಿ ಬಿಡಿಸಿ ಉಷ್ಣಮಾಪಕವನ್ನಿಟ್ಟು ನೋಡಿದನು. ನೇರಿಳೆಯಿಂದ ಕೆಂಪಿನತ್ತ ಸಾಗಿದಂತೆ ಪಾದರಸ ಏರಿತು. ಕೆಂಪು ಮುಗಿದು ಕಣ್ಣಿಗೇನೂ ಕಾಣದ ಕಡೆ ಇನ್ನೂ ಏರಿತು. ಅವಕೆಂಪು ಕಿರಣಗಳು ಪತ್ತೆಯಾದುದು ಹೀಗೆ. ಆದರೆ ಬೆಳಕೇ ಬೇರೆ, ಶಾಖದ ಕಿರಣವೇ ಬೇರೆ ಎಂಬ ತೀರ್ಮಾನಕ್ಕೆ ಬಂದು ಆತ ಅಲ್ಲಿಯೇ ನಿಂತನು. 1822ರ ಆಗಸ್ಟ್ 25ರಂದು ಸ್ಲೌ ಎಂಬ ಊರಿನಲ್ಲಿ ತೀರಿಕೊಂಡನು.

ಆತನ ರಂಧ್ರವು ರಂಧ್ರವಲ್ಲ, ದಟ್ಟವಾದ ಧೂಳಿನ ತೆರೆ. ಕಾಣುವ ಬೆಳಕನ್ನು ತಡೆಯುವ ಈ ಧೂಳಿನ ಮೂಲಕ ಅವಕೆಂಪು ಕಿರಣಗಳು ಬಹುಮಟ್ಟಿಗೆ ಹಾಯ್ದು ಬರುತ್ತವೆ. ಆದರೆ ಅವುಗಳಲ್ಲಿ ಹೆಚ್ಚಿನವನ್ನು ನಮ್ಮ ವಾಯುಮಂಡಲದ ನೀರಾವಿ ಹೀರುತ್ತದೆ; ಬೆಚ್ಚಗಿನ ದೂರದರ್ಶಕವು ತಾನೇ ಆ ಕಿರಣಗಳನ್ನು ಸೂಸುತ್ತದೆ. ಆದ್ದರಿಂದಲೇ ದೂರದರ್ಶಕವನ್ನು ಬಾಹ್ಯಾಕಾಶಕ್ಕೆ ಕಳುಹಿಸಿ, ಅತಿಶೀತದಲ್ಲಿಡಬೇಕಾಯಿತು. 1983ರಲ್ಲಿ ಅಮೆರಿಕ, ನೆದರ್‌ಲೆಂಡ್ಸ್, ಬ್ರಿಟನ್ನುಗಳು ಸೇರಿ ಕಳುಹಿಸಿದ ಐರಾಸ್ ಉಪಗ್ರಹವು ದ್ರವ ಹೀಲಿಯಂನಿಂದ ತಣ್ಣಗಿದ್ದುಕೊಂಡು, ಹರ್ಷೆಲನಂತೆಯೇ ಪಟ್ಟೆಪಟ್ಟೆಯಾಗಿ, ಹತ್ತು ತಿಂಗಳಲ್ಲಿ ಆಕಾಶದ ಶೇಕಡಾ 96 ಭಾಗವನ್ನು ಶೋಧಿಸಿತು. 2009ರಲ್ಲಿ ಯುರೋಪು ಹಾರಿಸಿದ, 3.5 ಮೀಟರ್ ಕನ್ನಡಿಯ ದೂರದರ್ಶಕಕ್ಕೆ ಹರ್ಷೆಲನ ಹೆಸರನ್ನೇ ಇಟ್ಟರು; 2013ರವರೆಗೆ ಅದು ದುಡಿಯಿತು.

ಆ ಕಪ್ಪು ತಾಣವಿರುವುದು ಸುಮಾರು 390 ಜ್ಯೋತಿರ್ವರ್ಷಗಳ ದೂರದಲ್ಲಿ. ಅದರ ಒಂದು ಸಣ್ಣ ಭಾಗವನ್ನು ಜೇಮ್ಸ್ ವೆಬ್ ದೂರದರ್ಶಕವು ಅವಕೆಂಪಿನಲ್ಲಿ ಸೆರೆಹಿಡಿದ ಚಿತ್ರ 2023ರಲ್ಲಿ ಪ್ರಕಟವಾಯಿತು. ಅದರಲ್ಲಿ ಸುಮಾರು 50 ಎಳೆಯ ನಕ್ಷತ್ರಗಳಿವೆ. ಬರಿದಾಯಿತೆಂದು ಹರ್ಷೆಲನು ಬಗೆದ ಎಡೆ ತಾರೆಗಳು ಹುಟ್ಟುವ ತೊಟ್ಟಿಲಾಗಿತ್ತು. ಅದನ್ನು ಕಾಣಿಸಬಲ್ಲ ಕಿರಣವೂ ಆತ ಕಂಡುಹಿಡಿದದ್ದೇ ಆಗಿತ್ತು.

ಇದರಿಂದ ಆತನ ಹಿರಿಮೆ ಕುಗ್ಗಿತೆಂದು ನಾನು ಭಾವಿಸುವುದಿಲ್ಲ. ಕಂಡ ತಾರೆಗಳನ್ನು ಎಣಿಸಿದಷ್ಟೇ ಶ್ರದ್ಧೆಯಿಂದ, ಏನೂ ಕಾಣದ ಎಡೆಯನ್ನೂ ಆತ ಬರೆದಿಟ್ಟನು. ಊಹೆ ತಪ್ಪಿರಬಹುದು, ಮುಂದಿನವರು ಮರಳಿ ನೋಡಲು ಗುರುತು ಉಳಿಯಿತು.